ತಣ್ಣೀರಿಗೆ ಹಲ್ಲು ಜುಮ್ಮೆಂದರೆ

ಕಾಫಿ ಕೊಯ್ಲೂ ಅಡಿಕೆ ಸುಲಿತವೂ ಒಟ್ಟಿಗೆ ಬರುವ ಚಳಿಗಾಲದಲ್ಲಿ, ಬೆಳಿಗ್ಗೆ ತಣ್ಣೀರಿನಿಂದ ಬಾಯಿ ಮುಕ್ಕಳಿಸಿದ ಕೂಡಲೇ ಹಲ್ಲು ಜುಮ್ಮೆನ್ನುತ್ತದೆಂದು ಹೇಳುವವರು ನಮ್ಮ ಸದಸ್ಯರಲ್ಲಿ ಬಹಳ ಮಂದಿ. ವಯಸ್ಸಾಯಿತೆಂದು ಸುಮ್ಮನಿರುವುದು ಸರಿಯಲ್ಲ. ಇದಕ್ಕೆ ಕಾರಣವೂ ಉಂಟು, ಪರಿಹಾರವೂ ಉಂಟು.

ಹಲ್ಲಿನ ಹೊರಕವಚಕ್ಕೆ ಎನಾಮೆಲ್ ಎಂದು ಹೆಸರು. ನಮ್ಮ ದೇಹದಲ್ಲಿ ಇದಕ್ಕಿಂತ ಗಟ್ಟಿಯಾದ ವಸ್ತು ಬೇರೊಂದಿಲ್ಲ. ಆದರೆ ಒಮ್ಮೆ ಸವೆದರೆ ಇದು ಮತ್ತೆ ಬೆಳೆಯದು. ಇದರೊಳಗಿನ ಡೆಂಟಿನ್ ಪದರದಲ್ಲಿ ಚದರ ಮಿಲಿಮೀಟರಿಗೆ ಸಾವಿರಾರು ಸೂಕ್ಷ್ಮ ಕೊಳವೆಗಳಿದ್ದು, ನರವಿರುವ ತಿರುಳಿನ ಕಡೆಗೆ ಹೋಗುತ್ತವೆ. ಅವುಗಳಲ್ಲಿ ದ್ರವ ತುಂಬಿರುತ್ತದೆ. ಕವಚ ಸವೆದಾಗ, ಅಥವಾ ವಸಡು ಹಿಂದೆ ಸರಿದು ಬೇರು ಕಾಣಿಸಿಕೊಂಡಾಗ, ಕೊಳವೆಗಳ ಬಾಯಿ ತೆರೆದುಕೊಳ್ಳುತ್ತದೆ. ತಣ್ಣೀರು ತಗುಲಿದೊಡನೆ ಒಳಗಿನ ದ್ರವ ಹೊರಕ್ಕೆ ಸರಿದು ನರದ ತುದಿಯನ್ನು ಕೆಣಕುತ್ತದೆ. ಹಲ್ಲು ಜುಮ್ಮೆನ್ನುವುದು ಆಗಲೇ. ಸ್ವೀಡನ್ ದೇಶದ ದಂತವಿಜ್ಞಾನಿ ಬ್ರಾನ್‌ಸ್ಟ್ರೋಮ್ 1960ರ ದಶಕದಲ್ಲಿ ನಡೆಸಿದ ಪ್ರಯೋಗಗಳು ಈ ವಿವರಣೆಗೆ ಬಲ ತಂದವು.

ಸವೆತಕ್ಕೆ ನಮ್ಮ ಅಭ್ಯಾಸಗಳೇ ಬಹುಪಾಲು ಕಾರಣ. ಉಮಿಕರಿ, ಇದ್ದಿಲುಗಳಿಂದ ಉಜ್ಜುವುದು, ಗಡುಸು ಬ್ರಷ್ಷನ್ನು ಅಡ್ಡಡ್ಡ ತಿಕ್ಕುವುದು, ಹುಳಿ ಪದಾರ್ಥಗಳನ್ನು ಪದೇ ಪದೇ ಬಾಯಲ್ಲಿಟ್ಟುಕೊಳ್ಳುವುದು ಇವೆಲ್ಲ ಹಲ್ಲನ್ನು ತೇಯುತ್ತವೆ. ಬೆಳೆಗಾರರಾದ ನಮಗೆ ಹೇಳಲು ಕಷ್ಟವಾದರೂ, ದಿನವಿಡೀ ಕವಳ ಜಗಿಯುವುದೂ ಇದೇ ಸಾಲಿಗೆ ಸೇರಿದ್ದು. ಗಟ್ಟಿ ಚಾಲಿ ಅಡಿಕೆಯಿಂದ ಹಲ್ಲು ಸವೆಯುವುದಷ್ಟೇ ಅಲ್ಲ, ಬಿರುಕು ಬಿಡುವುದೂ ಉಂಟು.

ಪರಿಹಾರ ದುಬಾರಿಯೇನಲ್ಲ. ಮೆದು ಬ್ರಷ್ಷಿನಿಂದ ಹಗುರವಾಗಿ ಉಜ್ಜಬೇಕು. ಹುಳಿ ತಿಂದ ಮೇಲೆ ನೀರಿನಿಂದ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಹಲ್ಲುಜ್ಜಬೇಕು. ಫ್ಲೋರೈಡ್ ಮತ್ತು ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟನ್ನು ದಿನಕ್ಕೆರಡು ಸಲ ಬಳಸಬೇಕು. ಪೊಟ್ಯಾಸಿಯಂ ನರವನ್ನು ಶಾಂತಗೊಳಿಸುತ್ತದೆ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕಾದ್ದರಿಂದ ನಡುವೆ ಬಿಡಬಾರದು. ಇಷ್ಟಕ್ಕೂ ಬಗ್ಗದಿದ್ದರೆ ದಂತವೈದ್ಯರು ಫ್ಲೋರೈಡ್ ಲೇಪನದಿಂದಲೋ ಸವೆದ ಕುಳಿ ತುಂಬುವುದರಿಂದಲೋ ಕೊಳವೆಗಳನ್ನು ಮುಚ್ಚಬಲ್ಲರು. ಲವಂಗದೆಣ್ಣೆ ಸ್ವಲ್ಪ ಹೊತ್ತು ಮರಗಟ್ಟಿಸುತ್ತದೆ, ಅಷ್ಟೇ. ನೋವಿಗೆಂದು ಹೊಗೆಸೊಪ್ಪನ್ನು ಒತ್ತುವುದಂತೂ ಕೂಡದು.

ಮುಖ್ಯವಾದ ವಿಚಾರವೊಂದಿದೆ. ತಣ್ಣೀರು ತಗುಲಿ ಕ್ಷಣದಲ್ಲಿ ಮಾಯವಾಗುವ ನೋವು ಬೇರೆ, ನೀರು ಉಗುಳಿದ ಮೇಲೂ ಅರ್ಧ ನಿಮಿಷ ನಿಲ್ಲುವ ನೋವು ಬೇರೆ. ಎರಡನೆಯದು ತಿರುಳು ಕೆಟ್ಟಿರುವ ಸೂಚನೆ. ರಾತ್ರಿ ನಿದ್ರೆಗೆಡಿಸುವ, ಬಿಸಿಗೂ ಏಳುವ, ಕಚ್ಚಿದಾಗ ಚುಚ್ಚುವ ನೋವಿದ್ದರೆ ಪೇಸ್ಟನ್ನು ನಂಬಿ ಕೂರದೆ ವೈದ್ಯರಲ್ಲಿಗೆ ಹೋಗಬೇಕು. ಕೊಯ್ಲು ಮುಗಿಯಲೆಂದು ತಡ ಮಾಡಿದರೆ ಉಳಿಸಬಹುದಾದ ಹಲ್ಲನ್ನು ಕೀಳಿಸಬೇಕಾದೀತು.

ಕವಳ ಹಾಕುವವರು ಬಾಯಿ ಪೂರ್ತಿ ತೆರೆಯುತ್ತದೆಯೇ, ಖಾರ ತಗುಲಿದರೆ ಉರಿಯುತ್ತದೆಯೇ ಎಂಬುದನ್ನೂ ಗಮನಿಸಬೇಕು. ಹೊಗೆಸೊಪ್ಪಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದೆ. ಅಡಿಕೆಯಿಂದ ಬದುಕುವ ನಾವು ಇದನ್ನು ಮುಚ್ಚಿಡಬಾರದು. ಸದಸ್ಯರು ಈ ಲೇಖನವನ್ನು ಮನೆಯವರಿಗೂ ಲೈನಿನ ಕೆಲಸಗಾರರಿಗೂ ಓದಿ ತಿಳಿಸಬೇಕೆಂದು ಕೋರುತ್ತೇವೆ.