ದವಡೆ ಶಸ್ತ್ರಚಿಕಿತ್ಸೆಯ ನಂತರದ ಆರು ವಾರಗಳು

ಕೆಳದವಡೆ ಮುಂದಕ್ಕೆ ಚಾಚಿಕೊಂಡವರು, ಮೇಲ್ದವಡೆ ಬೆಳೆಯದೆ ಮುಖದ ನಡುಭಾಗ ಕುಗ್ಗಿದವರು, ಬಾಯಿ ಮುಚ್ಚಿದರೂ ಮುಂದಿನ ಹಲ್ಲುಗಳು ಒಂದನ್ನೊಂದು ಮುಟ್ಟದವರು ನಮ್ಮ ಸುತ್ತಮುತ್ತ ಅನೇಕರಿದ್ದಾರೆ. ಇದನ್ನು ಕೇವಲ ರೂಪದ ಕೊರತೆಯೆಂದು ಭಾವಿಸುವವರೇ ಹೆಚ್ಚು. ವಾಸ್ತವದಲ್ಲಿ ಇಂಥವರಲ್ಲಿ ಹಲವರು ರೊಟ್ಟಿಯ ತುಂಡನ್ನು ಮುಂದಿನ ಹಲ್ಲಿನಿಂದ ಕಚ್ಚಲಾರರು; ಕೆಲವು ಅಕ್ಷರಗಳ ಉಚ್ಚಾರ ಅವರಿಗೆ ಸ್ಪಷ್ಟವಾಗಿ ಬಾರದು; ಕೆಳದವಡೆ ತೀರ ಹಿಂದಕ್ಕೆ ಸರಿದಿದ್ದರೆ ನಿದ್ರೆಯಲ್ಲಿ ಉಸಿರಾಟಕ್ಕೂ ತೊಡಕಾಗುವುದುಂಟು. ಸೀಳುತುಟಿ ಹಾಗೂ ಸೀಳು ಅಂಗುಳಿನೊಂದಿಗೆ ಹುಟ್ಟಿ, ಎಳವೆಯಲ್ಲಿಯೇ ಅದನ್ನು ಸರಿಪಡಿಸಿಕೊಂಡ ಮಕ್ಕಳಲ್ಲಿ ಕೆಲವರಿಗೆ ಪ್ರಾಯಕ್ಕೆ ಬಂದ ಮೇಲೆ ಮೇಲ್ದವಡೆಯನ್ನು ಮುಂದಕ್ಕೆ ತರುವ ಅವಶ್ಯಕತೆ ಬೀಳುತ್ತದೆ. ದೋಷವು ಹಲ್ಲಿನಲ್ಲಿರದೆ ಎಲುಬಿನಲ್ಲಿರುವುದರಿಂದ ತಂತಿ ಕಟ್ಟಿಸುವುದೊಂದರಿಂದಲೇ ಇದು ನೇರವಾಗದು. ಮುಖದ ಎಲುಬುಗಳ ಬೆಳವಣಿಗೆ ಮುಗಿದ ಬಳಿಕ ದವಡೆಯನ್ನೇ ಕೊಯ್ದು, ಸರಿಯಾದ ಸ್ಥಾನಕ್ಕೆ ಸರಿಸಿ ಕೂಡಿಸಬೇಕಾಗುತ್ತದೆ.

ಈ ವಿದ್ಯೆಯ ಹಿಂದೆ ದೀರ್ಘ ಪರಿಶ್ರಮವಿದೆ. ಫ್ರಾನ್ಸಿನ ರೆನೆ ಲ ಫೋರ್ ಶವಗಳ ತಲೆಬುರುಡೆಗಳನ್ನು ಪರೀಕ್ಷಿಸಿ, ಪೆಟ್ಟು ಬಿದ್ದಾಗ ಮೇಲ್ದವಡೆ ಯಾವ ಯಾವ ರೇಖೆಗಳಲ್ಲಿ ಒಡೆಯುತ್ತದೆಂಬುದನ್ನು 1901ರಲ್ಲಿ ತೋರಿಸಿಕೊಟ್ಟರು. ಇಂದು ಶಸ್ತ್ರವೈದ್ಯರು ಮೇಲ್ದವಡೆಯನ್ನು ಬಿಡಿಸುವುದು ಅವುಗಳಲ್ಲಿ ಮೊದಲನೆಯ ರೇಖೆಯಲ್ಲಿಯೇ. ಕೆಳದವಡೆಯ ಎಲುಬನ್ನು ಎರಡು ಪದರಗಳಾಗಿ ಸೀಳಿ ಒಂದರ ಮೇಲೊಂದು ಜಾರಿಸುವ ಕ್ರಮವನ್ನು ಟ್ರೌನರ್ ಮತ್ತು ಓಬ್ವೆಗೇಸರ್ ಎಂಬಿಬ್ಬರು 1957ರಲ್ಲಿ ವಿವರಿಸಿದರು. ಕೊಯ್ತವೆಲ್ಲ ಬಹುಪಾಲು ಬಾಯಿಯ ಒಳಗಡೆಯೇ ನಡೆಯುವುದರಿಂದ ಮುಖದ ಮೇಲೆ ದೊಡ್ಡ ಗಾಯದ ಗುರುತು ಉಳಿಯುವುದಿಲ್ಲ. ಹಿಂದಿನ ಕಾಲದಲ್ಲಿ ಮೇಲಿನ ಹಾಗೂ ಕೆಳಗಿನ ಹಲ್ಲುಗಳನ್ನು ತಂತಿಯಿಂದ ಬಿಗಿದು ವಾರಗಟ್ಟಲೆ ಬಾಯಿ ಮುಚ್ಚಿಡುತ್ತಿದ್ದರು. ಈಗ ಟೈಟಾನಿಯಂ ಲೋಹದ ಚಿಕ್ಕ ಪಟ್ಟಿಗಳೂ ಸ್ಕ್ರೂಗಳೂ ಎಲುಬನ್ನು ಹಿಡಿದಿರುತ್ತವೆ. ಹಲ್ಲುಗಳ ನಡುವೆ ಸಣ್ಣ ರಬ್ಬರ್ ಉಂಗುರಗಳನ್ನು ಹಾಕಿ ಕಚ್ಚುವಿಕೆಗೆ ದಾರಿ ತೋರಿಸಿದರೆ ಸಾಕಾಗುತ್ತದೆ.

ಮುಖ ಮತ್ತು ದವಡೆಗಳ ಶಸ್ತ್ರವೈದ್ಯರಾದ ನಮ್ಮನ್ನು ರೋಗಿಗಳು ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಬಹಳ ನೋವಾಗುತ್ತದೆಯೇ?’ ಎಲುಬು ಕೊಯ್ಯುತ್ತಾರೆಂದರೆ ಅಂಥ ಭಯ ಸಹಜವೇ. ಆದರೆ ನಮ್ಮ ಅನುಭವದಲ್ಲಿ, ಜನರು ಅಂಜುವಷ್ಟು ನೋವು ಹೆಚ್ಚಿನವರಿಗೆ ಇರುವುದಿಲ್ಲ. ಇದ್ದಷ್ಟು ನೋವು ವೈದ್ಯರು ಕೊಟ್ಟ ಔಷಧಕ್ಕೆ ಬಗ್ಗುತ್ತದೆ. ಅವರನ್ನು ನಿಜವಾಗಿ ದಣಿಸುವುದು ನೋವಲ್ಲ. ಊತ, ಜೋಮು, ಕಟ್ಟಿದ ಮೂಗು, ಸುರಿಯುವ ಜೊಲ್ಲು, ಹಸಿವು, ನಿದ್ರಾಭಂಗ ಹಾಗೂ ಕನ್ನಡಿಯಲ್ಲಿ ಕಾಣುವ ಅಪರಿಚಿತ ಮುಖ. ಇವೆಲ್ಲಕ್ಕೂ ಬರುವ ದಿನವೊಂದು, ಹೋಗುವ ದಿನವೊಂದು ಇರುತ್ತದೆ. ಆ ದಿನಗಳ ಅರಿವು ಮುಂಚಿತವಾಗಿಯೇ ಇದ್ದರೆ ಭಯ ಅರ್ಧಕ್ಕರ್ಧ ಇಳಿಯುತ್ತದೆ. ಇದನ್ನು ನಾವು ಕಲಿತದ್ದು ಗ್ರಂಥಗಳಿಂದಲ್ಲ, ನಮ್ಮದೇ ತಪ್ಪಿನಿಂದ.

ಕೆಲವು ವರ್ಷಗಳ ಹಿಂದೆ ಒಕ್ಕಲುತನದ ಮನೆಯ ಪದವಿ ವಿದ್ಯಾರ್ಥಿಯೊಬ್ಬನ ಎರಡೂ ದವಡೆಗಳನ್ನು ಸರಿಪಡಿಸಿದ್ದೆವು. ಶಸ್ತ್ರಚಿಕಿತ್ಸೆ ಸಾಂಗವಾಗಿ ನೆರವೇರಿತು. ಐದನೆಯ ದಿನ ಇಂಗ್ಲಿಷಿನಲ್ಲಿ ಮುದ್ರಿಸಿದ ಸೂಚನೆಗಳ ಹಾಳೆಯೊಂದನ್ನು ಕೈಗಿತ್ತು, ಹತ್ತು ನಿಮಿಷ ಮಾತನಾಡಿ ಅವನನ್ನು ಊರಿಗೆ ಕಳುಹಿಸಿದೆವು. ಒಂಬತ್ತನೆಯ ದಿನ ಅವನನ್ನು ಹಿಡಿದುಕೊಂಡೇ ಒಳಗೆ ಕರೆತಂದರು. ತುಟಿ ಒಣಗಿತ್ತು, ಮೂತ್ರ ಕಡಿಮೆಯಾಗಿತ್ತು, ಎದ್ದು ನಿಂತರೆ ತಲೆ ಸುತ್ತುತ್ತಿತ್ತು. ನಾಲ್ಕು ದಿನಗಳಲ್ಲಿ ಅವನು ಸೇವಿಸಿದ್ದು ಎಳನೀರು ಮತ್ತು ಒಂದಿಷ್ಟು ಮೋಸಂಬಿ ರಸ ಮಾತ್ರ. ಬೇಳೆ ತಿಂದರೆ ಗಾಯ ಕೀವಾಗುತ್ತದೆ, ಹಾಲಿನಿಂದ ಕಫವಾಗುತ್ತದೆ ಎಂದು ನೆರೆಯವರು ಹೇಳಿದ್ದರು. ನೋಡಲು ಬಂದ ಬಳಗದ ಎದುರಿಗೆ ಕುಡಿದದ್ದು ಜೋಮುಗಟ್ಟಿದ ತುಟಿಯಿಂದ ಸುರಿದು ಅಂಗಿಯ ಮೇಲೆ ಬಿದ್ದಾಗ ಹುಡುಗನು ನಾಚಿ, ಅದನ್ನೂ ಕೈಬಿಟ್ಟಿದ್ದ. ತಾಯಿ ನಮ್ಮನ್ನು ನೋಡಿ, ‘ಡಾಕ್ಟರ್ರ, ಇದು ನನ್ನ ಮಗನ ಮುಖ ಅಲ್ರೀ’ ಎಂದು ಕಣ್ಣೀರಿಟ್ಟರು. ಎರಡು ದಿನ ರಕ್ತನಾಳದ ಮೂಲಕ ದ್ರವ ಕೊಟ್ಟ ಮೇಲೆ ಅವನು ಚೇತರಿಸಿಕೊಂಡನು. ಎಲುಬಿನ ಕೆಲಸವನ್ನು ನಾವು ಸರಿಯಾಗಿ ಮಾಡಿದ್ದೆವು; ಆ ತಾಯಿಗೆ ತಿಳಿಸಬೇಕಾದುದನ್ನು ತಿಳಿಸಿರಲಿಲ್ಲ. ಇಲ್ಲಿ ಬರೆಯುತ್ತಿರುವುದು ಅಂದು ಹೇಳದೆ ಉಳಿದ ಮಾತುಗಳನ್ನು.

ಮೊದಲು ಊತದ ವಿಚಾರ. ಶಸ್ತ್ರಚಿಕಿತ್ಸೆಯಾದ ದಿನ ಮುಖ ಅಷ್ಟಾಗಿ ಬಾತಿರುವುದಿಲ್ಲ; ಎರಡನೆಯ ಹಾಗೂ ಮೂರನೆಯ ದಿನ ಅದು ಪರಾಕಾಷ್ಠೆಗೆ ಏರುತ್ತದೆ. ಮನೆಯವರು ‘ನಿನ್ನೆಗಿಂತ ಇಂದು ಹೆಚ್ಚಾಯಿತಲ್ಲ’ ಎಂದು ಗಾಬರಿಗೊಳ್ಳುವುದು ಆಗಲೇ. ಇದು ರೋಗ ಉಲ್ಬಣಿಸಿದ ಲಕ್ಷಣವಲ್ಲ, ದೇಹವು ಗಾಯವನ್ನು ಮಾಯಿಸಲು ತೊಡಗಿದ ಲಕ್ಷಣ. ಮೊದಲ ಒಂದೆರಡು ದಿನ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಬಿಟ್ಟುಬಿಟ್ಟು ಕೆನ್ನೆಗೆ ಒತ್ತಬೇಕು. ಬರಿಯ ಮಂಜುಗಡ್ಡೆಯನ್ನು ಎಂದಿಗೂ ಇಡಕೂಡದು. ಜೋಮುಗಟ್ಟಿದ ಚರ್ಮಕ್ಕೆ ಶೀತದಿಂದಾಗುವ ಗಾಯವೂ ತಿಳಿಯುವುದಿಲ್ಲ. ಮಲಗುವಾಗ ಎರಡು ಮೂರು ದಿಂಬುಗಳನ್ನಿಟ್ಟು ತಲೆಯನ್ನು ಎತ್ತರದಲ್ಲಿರಿಸಿದರೆ ಊತವೂ ಬೇಗ ಇಳಿಯುತ್ತದೆ, ಉಸಿರಾಟವೂ ಹಗುರವಾಗುತ್ತದೆ. ಕೆನ್ನೆಯ ನೀಲಿ ಕಲೆಗಳು ಹಳದಿಯಾಗುತ್ತ ಕುತ್ತಿಗೆಗೆ, ಒಮ್ಮೊಮ್ಮೆ ಎದೆಯವರೆಗೂ ಇಳಿಯುತ್ತವೆ. ಒಳಗೆ ಸೇರಿದ ರಕ್ತವು ತನ್ನ ಭಾರಕ್ಕೆ ತಾನೇ ಜಾರುವುದರಿಂದ ಹೀಗಾಗುತ್ತದೆ. ಊತದ ಬಹುಭಾಗ ಎರಡು ಮೂರು ವಾರಗಳಲ್ಲಿ ಇಳಿದರೂ ಕೊನೆಯ ಅಂಶ ಕರಗಲು ಹಲವು ತಿಂಗಳು ಬೇಕು. ಆದಕಾರಣ ಮುಂದಿನ ತಿಂಗಳೇ ನಿಶ್ಚಿತಾರ್ಥವಿಟ್ಟುಕೊಂಡು ಶಸ್ತ್ರಚಿಕಿತ್ಸೆಗೆ ಬರುವವರನ್ನು ನಾವು ಹಿಂದಕ್ಕೆ ಕಳುಹಿಸುತ್ತೇವೆ. ಅವರು ಮುನಿಸಿಕೊಂಡರೂ ಅಡ್ಡಿಯಿಲ್ಲ.

ಮೇಲ್ದವಡೆಯ ಚಿಕಿತ್ಸೆಯಾದವರಿಗೆ ಮೂಗು ಕಟ್ಟುವುದು ಖಂಡಿತ. ಕೆಲವು ದಿನ ಮೂಗಿನಿಂದ ಕೊಂಚ ರಕ್ತಮಿಶ್ರಿತ ದ್ರವವೂ ಇಳಿಯಬಹುದು. ಬಾಯಿಗೆ ರಬ್ಬರ್ ಉಂಗುರಗಳ ಬಿಗಿತವಿದ್ದು ಮೂಗೂ ಕಟ್ಟಿದಾಗ ನಡುರಾತ್ರಿಯಲ್ಲಿ ಉಸಿರು ನಿಂತಂತೆ ಭಾಸವಾಗಿ ರೋಗಿ ಬೆದರುತ್ತಾನೆ. ಆಗ ಎದ್ದು ಕುಳಿತು, ತುಟಿಗಳನ್ನು ಅಗಲಿಸಿ, ಹಲ್ಲುಗಳ ಸಂದಿಯಿಂದ ನಿಧಾನವಾಗಿ ಉಸಿರೆಳೆಯಬೇಕು. ಹಲ್ಲು ಮುಚ್ಚಿದ್ದರೂ ಗಾಳಿ ಸರಾಗವಾಗಿ ಒಳಹೋಗುತ್ತದೆಂಬುದನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಮಾಡಿ ನೋಡಿ ಮನವರಿಕೆ ಮಾಡಿಕೊಂಡಿರಬೇಕು. ವೈದ್ಯರು ಹೇಳಿದ ಉಪ್ಪುನೀರಿನ ಹನಿಗಳು ಮೂಗನ್ನು ತೆರೆಯುತ್ತವೆ. ವೈದ್ಯರು ಅನುಮತಿಸುವವರೆಗೆ ಮೂಗನ್ನು ಸೀಟಬಾರದು. ಸೀನು ಬಂದರೆ ತಡೆಯದೆ, ಬಾಯಿಯ ಮೂಲಕ ಬಿಡಬೇಕು. ನುಂಗಿದ ರಕ್ತದಿಂದ ಮೊದಲ ದಿನ ವಾಂತಿಯಾಗುವುದುಂಟು. ಆಗ ಮುಂದಕ್ಕೆ ಬಾಗಿದರೆ ದ್ರವವು ಕೆನ್ನೆಗಳ ಪಕ್ಕದಿಂದ ಹೊರಬೀಳುತ್ತದೆ. ದವಡೆ ಬಿಗಿದಿರುವವರು ಸಣ್ಣ ಕತ್ತರಿಯೊಂದನ್ನು ಹಾಸಿಗೆಯ ಬಳಿಯಲ್ಲಿಟ್ಟುಕೊಂಡು, ತುರ್ತಿನಲ್ಲಿ ಯಾವ ಉಂಗುರಗಳನ್ನು ಕತ್ತರಿಸಬೇಕೆಂಬುದನ್ನು ವೈದ್ಯರಿಂದ ತಿಳಿದುಕೊಂಡಿರುವುದು ಲೇಸು.

ಇನ್ನು ಆಹಾರ. ನಮ್ಮ ದೃಷ್ಟಿಯಲ್ಲಿ ಇಡೀ ಚೇತರಿಕೆ ನಿಂತಿರುವುದು ಅಡುಗೆಮನೆಯ ಮೇಲೆ. ಮೊದಲ ಎರಡು ವಾರ ಸಂಪೂರ್ಣ ದ್ರವಾಹಾರ, ಅನಂತರ ಆರನೆಯ ವಾರದವರೆಗೆ ಅಗಿಯದೆ ನುಂಗಬಹುದಾದ ಮೆತ್ತನೆಯ ಆಹಾರ ಎಂಬುದು ಸಾಮಾನ್ಯ ಕ್ರಮ. ನಿಖರವಾದ ಅವಧಿಯನ್ನು ಅವರವರ ವೈದ್ಯರೇ ಹೇಳಬೇಕು. ಈ ಅವಧಿಯಲ್ಲಿ ಕೆಲವು ಕಿಲೋ ತೂಕ ಇಳಿಯುವುದು ಸಹಜವಾದರೂ ಎಲುಬು ಕೂಡಲು ಪ್ರೋಟೀನು ಬೇಕೇ ಬೇಕು. ಅರವತ್ತು ಕಿಲೋ ತೂಕದವರಿಗೆ ದಿನಕ್ಕೆ ಸುಮಾರು 60ರಿಂದ 70 ಗ್ರಾಂ ದೊರೆತರೆ ಉತ್ತಮ. ಎಳನೀರು ಬಾಯಾರಿಕೆಗೆ ಒಳ್ಳೆಯದೇ. ಆದರೆ ಒಂದು ಲೋಟ, ಅಂದರೆ ಸುಮಾರು 200 ಮಿ.ಲೀ. ಎಳನೀರಿನಲ್ಲಿರುವುದು ನಲವತ್ತರ ಆಸುಪಾಸಿನ ಕ್ಯಾಲೊರಿ, ಪ್ರೋಟೀನು ಅತ್ಯಲ್ಪ. ಅಷ್ಟೇ ಪ್ರಮಾಣದ ಹಸುವಿನ ಕೆನೆಸಹಿತ ಹಾಲಿನಲ್ಲಿ ಅದರ ಮೂರು ಪಟ್ಟು ಶಕ್ತಿಯೂ ಆರು ಗ್ರಾಂಗಿಂತ ಹೆಚ್ಚು ಪ್ರೋಟೀನೂ ಇದೆ. ರೋಗಿಯನ್ನು ನೋಡಲು ಬರುವವರು ಎಳನೀರಿನ ಗೊನೆಯ ಬದಲು ಒಂದು ತಂಬಿಗೆ ಹಾಲು ತಂದರೆ ಎಷ್ಟೋ ಉಪಕಾರವಾದೀತು!

ಸಸ್ಯಾಹಾರದಲ್ಲಿ ಇದು ಕಷ್ಟವೆಂಬ ಮಾತನ್ನು ನಾವು ಒಪ್ಪುವುದಿಲ್ಲ. ಹೆಸರುಬೇಳೆಯನ್ನು ಮೆತ್ತಗೆ ಬೇಯಿಸಿ, ಮಿಕ್ಸಿಯಲ್ಲಿ ನುಣ್ಣಗೆ ತಿರುವಿ, ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಿ, ಉಪ್ಪು, ಜೀರಿಗೆ ಪುಡಿ ಹಾಗೂ ಒಂದು ಚಮಚ ತುಪ್ಪ ಬೆರೆಸಿದರೆ ಅದೊಂದು ಪರಿಪೂರ್ಣ ಪೇಯ. ಹಾಲಿನಲ್ಲಿ ಕಾಯಿಸಿದ ರಾಗಿ ಗಂಜಿ, ನೆನೆಸಿ ಸಿಪ್ಪೆ ಸುಲಿದು ಅರೆದ ಬಾದಾಮಿಯ ಹಾಲು, ಹುರಿಗಡಲೆಯ ನುಣುಪಾದ ಹಿಟ್ಟನ್ನು ಕದಡಿದ ಮಜ್ಜಿಗೆ, ಸೋಸಿದ ಜೋಳದ ಅಂಬಲಿ ಇವೆಲ್ಲ ಸಲ್ಲುತ್ತವೆ. ಬೇಳೆಯಿಂದಲೂ ಹಾಲಿನಿಂದಲೂ ಗಾಯ ಕೀವಾಗುವುದಿಲ್ಲ, ಕೀವಾಗುವುದು ಸೋಂಕಿನಿಂದ. ಒಗ್ಗರಣೆಯ ಸಾಸಿವೆ, ಕರಿಬೇವು ಹೊಲಿಗೆಗಳಲ್ಲಿ ಸಿಕ್ಕಿಕೊಳ್ಳುವುದರಿಂದ ಅವು ಬೇಡ. ಖಾರವೂ ಬೇಡ. ಒಮ್ಮೆಗೆ ಹೊಟ್ಟೆ ತುಂಬ ಕುಡಿಯಲಾಗದು. ಎರಡು ಗಂಟೆಗೊಮ್ಮೆ ಒಂದು ಲೋಟದಂತೆ ಹಗಲೆಲ್ಲ ಹಂಚಬೇಕು. ಮೊದಲ ದಿನಗಳಲ್ಲಿ ಸೂಜಿಯಿಲ್ಲದ ದೊಡ್ಡ ಸಿರಿಂಜಿಗೆ ಮೆತ್ತನೆಯ ಕೊಳವೆ ಸಿಕ್ಕಿಸಿ, ಕೆನ್ನೆಯ ಒಳಬದಿಗೆ ಸ್ವಲ್ಪ ಸ್ವಲ್ಪವೇ ಬಿಡುವುದು ಸುಲಭ. ಸ್ಟ್ರಾದಿಂದ ಹೀರುವುದನ್ನು ಬಹಳಷ್ಟು ವೈದ್ಯರು ಆರಂಭದಲ್ಲಿ ಬೇಡವೆನ್ನುತ್ತಾರೆ. ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡದ ತೊಂದರೆಯುಳ್ಳವರು ಈ ಆಹಾರಕ್ರಮವನ್ನು ತಮ್ಮ ವೈದ್ಯರೊಡನೆ ಚರ್ಚಿಸಿಯೇ ಅನುಸರಿಸಬೇಕು.

ಪ್ರತಿ ಸಲ ಕುಡಿದ ಮೇಲೆ ಉಗುರುಬೆಚ್ಚಗಿನ ಉಪ್ಪುನೀರಿನಿಂದ ಬಾಯಿ ತೊಳೆಯಬೇಕು. ವೈದ್ಯರು ಅನುಮತಿಸಿದೊಡನೆ ಮಕ್ಕಳ ಮೃದುವಾದ ಬ್ರಷ್ಷಿನಿಂದ ಹಲ್ಲುಗಳನ್ನು ಉಜ್ಜಲು ತೊಡಗಬೇಕು. ಒಡೆದ ತುಟಿಗಳಿಗೆ ವ್ಯಾಸಲೀನ್ ಸವರಿದರೆ ಸಾಕು. ತಂಬಾಕು, ಗುಟ್ಕಾ, ಬೀಡಿ ಎಲುಬು ಕೂಡುವುದಕ್ಕೆ ವೈರಿಗಳು. ಅಡಿಕೆಯ ಚಟವಂತೂ ಬಾಯಿಯ ಒಳಪೊರೆಯನ್ನೇ ಬಿಗಿಗೊಳಿಸಿ ಬಾಯಿ ತೆರೆಯದಂತೆ ಮಾಡಬಲ್ಲದು. ನಮ್ಮ ನಾಡಿನಲ್ಲಿ ಇದನ್ನು ಒತ್ತಿ ಹೇಳಲೇಬೇಕಾಗಿದೆ.

ಜೋಮಿನ ಬಗ್ಗೆ ಎರಡು ಮಾತು. ಕೆಳದವಡೆಯ ಎಲುಬಿನ ಒಳಗಿನಿಂದಲೇ ಹಾದು, ಗದ್ದದ ಬಳಿಯ ರಂಧ್ರದಿಂದ ಹೊರಬಂದು, ಕೆಳತುಟಿಗೂ ಗದ್ದಕ್ಕೂ ಸ್ಪರ್ಶಜ್ಞಾನವನ್ನು ಕೊಡುವ ನರವೊಂದಿದೆ. ಎಲುಬನ್ನು ಸೀಳುವಾಗ ಈ ನರವು ಜಗ್ಗಲ್ಪಡುತ್ತದೆ. ಅದರ ಫಲವಾಗಿ ತುಟಿಯು ಬಾತ ಮರದ ತುಂಡಿನಂತೆ ಭಾಸವಾಗುತ್ತದೆ. ಆದರೆ ತುಟಿಯ ಚಲನೆಗೆ ಬೇರೊಂದು ನರವಿರುವುದರಿಂದ, ಸ್ಪರ್ಶ ತಿಳಿಯದಿದ್ದರೂ ಅದು ಅಲುಗಾಡಬಲ್ಲದು. ಮುಖಕ್ಕೆ ಲಕ್ವ ಹೊಡೆಯಿತೆಂಬ ಭಯ ಬೇಡ. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಇರುವೆ ಹರಿದಂತೆ ಜುಮುಗುಡತೊಡಗಿದರೆ ಅದು ಸಾಮಾನ್ಯವಾಗಿ ನರ ಎಚ್ಚೆತ್ತುಕೊಳ್ಳುತ್ತಿರುವ ಶುಭಸೂಚನೆ. ಕೆಲವರಲ್ಲಿ ತುಸು ಜೋಮು ಶಾಶ್ವತವಾಗಿ ಉಳಿಯುವ ಸಂಭವವೂ ಇದೆ. ಇದನ್ನು ವೈದ್ಯರು ಒಪ್ಪಿಗೆ ಪತ್ರಕ್ಕೆ ರುಜು ಪಡೆಯುವ ಮುನ್ನವೇ ಮುಚ್ಚುಮರೆಯಿಲ್ಲದೆ ತಿಳಿಸಬೇಕು; ತಿಳಿಸದಿದ್ದರೆ ರೋಗಿ ತಾನಾಗಿಯೇ ಕೇಳಬೇಕು. ಜೋಮು ಇರುವಷ್ಟು ಕಾಲ ಗಂಜಿಯ ಬಿಸಿಯನ್ನು ತುಟಿಯಿಂದ ಅಳೆಯದೆ ಮಣಿಕಟ್ಟಿನ ಮೇಲೆ ಒಂದು ಹನಿ ಹಾಕಿ ನೋಡಬೇಕು. ಕುಡಿಯುವಾಗ ಎದುರಿಗೊಂದು ಕನ್ನಡಿ, ಕೈಯಲ್ಲೊಂದು ಟವೆಲು ಇದ್ದರೆ ಮುಜುಗರ ತಪ್ಪುತ್ತದೆ.

ಎರಡನೆಯ ಮೂರನೆಯ ವಾರದ ಹೊತ್ತಿಗೆ ಅನೇಕರ ಮನಸ್ಸು ಕುಸಿಯುತ್ತದೆ. ನೋವು ಇಳಿದಿರುತ್ತದೆ, ನೋಡಲು ಬರುವವರು ನಿಂತಿರುತ್ತಾರೆ, ಮಾತು ಇನ್ನೂ ಸ್ಪಷ್ಟವಾಗಿರುವುದಿಲ್ಲ, ಹಸಿವು ಮಾತ್ರ ಪೂರ್ತಿ ಮರಳಿರುತ್ತದೆ. ‘ಇದನ್ನು ಏಕೆ ಮಾಡಿಸಿಕೊಂಡೆನೋ’ ಎಂದು ಅಳುವವರನ್ನು ನಾವು ಬಹಳ ಕಂಡಿದ್ದೇವೆ. ಇದು ದೌರ್ಬಲ್ಯವಲ್ಲ. ಅರೆಹೊಟ್ಟೆ, ಅರೆನಿದ್ರೆ ಹಾಗೂ ಗುರುತು ಸಿಗದ ತನ್ನದೇ ಮುಖ ಇವು ಕೂಡಿದರೆ ಗಟ್ಟಿ ಮನಸ್ಸೂ ಅಲುಗುತ್ತದೆ. ಮನೆಯವರು ಈ ದಿನಗಳಲ್ಲಿ ‘ಮೊದಲೇ ಚೆನ್ನಾಗಿದ್ದೆ’ ಎಂಬ ಒಂದು ಮಾತನ್ನು ಆಡದಿದ್ದರೆ ಅದೇ ದೊಡ್ಡ ಶುಶ್ರೂಷೆ. ಬರೆದು ತಿಳಿಸಲು ಒಂದು ಸ್ಲೇಟು ಕೊಡಬೇಕು. ಸಂಜೆ ಜೊತೆಗೆ ಕೊಂಚ ನಡೆಯಬೇಕು. ರೋಗಿಯ ಎದುರಿಗೆ ಹೋಳಿಗೆ ಊಟ ಮಾಡದಿರಬೇಕು. ದುಗುಡ ವಾರಗಟ್ಟಲೆ ಬಿಡದಿದ್ದರೆ ಅಥವಾ ಬದುಕೇ ಬೇಡವೆಂಬ ಮಾತು ಬಂದರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು.

ನಿಲ್ಲದ ರಕ್ತಸ್ರಾವ, ಮೂಗು ಕಟ್ಟಿದ್ದರಿಂದಾಗುವ ತೊಡಕಲ್ಲದ ಏದುಸಿರು, ಜ್ವರ, ದುರ್ವಾಸನೆಯ ಕೀವು, ಇಳಿಯತೊಡಗಿದ ಮೇಲೆ ಮತ್ತೆ ಏರುವ ಊತ, ಹಲ್ಲುಗಳ ಕೂಡುವಿಕೆಯಲ್ಲಿ ಹಠಾತ್ ಬದಲಾವಣೆ, ದಿನವಿಡೀ ಏನೂ ಕುಡಿಯಲಾಗದ ಸ್ಥಿತಿ ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಭೇಟಿಯ ದಿನಾಂಕಕ್ಕೆ ಕಾಯಬಾರದು. ರಕ್ತಸ್ರಾವ ಮತ್ತು ಏದುಸಿರಿನಲ್ಲಂತೂ ಹತ್ತಿರದ ಆಸ್ಪತ್ರೆಗೆ ತಕ್ಷಣ ಹೋಗಬೇಕು.

ಈಗ ನಾವು ಶಸ್ತ್ರಚಿಕಿತ್ಸೆಗೆ ಒಂದು ವಾರ ಮುಂಚೆ ರೋಗಿಯೊಡನೆ ಅಡುಗೆ ಮಾಡುವವರನ್ನೂ ಕರೆಯಿಸುತ್ತೇವೆ. ಕನ್ನಡದಲ್ಲಿ ಬರೆದ ಹಾಳೆಯನ್ನು ಗಟ್ಟಿಯಾಗಿ ಓದಿ ಹೇಳುತ್ತೇವೆ. ಮೂರನೆಯ ದಿನದ ಮುಖ ಹೇಗಿರುತ್ತದೆಂಬುದನ್ನು ಮೊದಲೇ ವಿವರಿಸುತ್ತೇವೆ. ಸಿರಿಂಜಿನಿಂದ ಕುಡಿಸುವುದನ್ನು ಅವರ ಕೈಯಿಂದಲೇ ಮಾಡಿಸುತ್ತೇವೆ. ಆ ವಿದ್ಯಾರ್ಥಿಯ ತಾಯಿಯೇ ಮುಂದೆ ಒಂದೆರಡು ಬಾರಿ ಬಂದು, ಹೊಸದಾಗಿ ಬಂದ ತಾಯಂದಿರಿಗೆ ಬೇಳೆ ಸೋಸುವ ಬಗೆಯನ್ನು ಹೇಳಿಕೊಟ್ಟರು. ಅವರ ಮಗನು ಆರನೆಯ ವಾರ ದಾಟಿದ ಮೇಲೆ ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಹಲ್ಲುಗಳ ನಡುವೆ ಜೋಡಿಸುತ್ತ, ಒಂದು ಬೆರಳು ಹಿಡಿಯುವಷ್ಟಿದ್ದ ಬಾಯಿಯನ್ನು ನಮ್ಮ ಸೂಚನೆಯಂತೆ ಮೂರು ಬೆರಳಿನ ಅಗಲಕ್ಕೆ ತಂದುಕೊಂಡನು. ಮೊದಲ ರೊಟ್ಟಿಯನ್ನು ಅವನು ತಿಂದದ್ದು ಹಾಲಿನಲ್ಲಿ ನೆನೆಸಿ, ಮತ್ತೂ ಎರಡು ವಾರ ಕಳೆದ ಮೇಲೆ.