ಹತ್ತು ಲಕ್ಷ ವರ್ಷಗಳ ಹಿಂದೆ: ತೆರೆಯ ಮೇಲೆ ಮತ್ತು ನಮ್ಮ ನೆಲದಲ್ಲಿ

ಕಳೆದ ಬೇಸಿಗೆಯ ರಜೆಯಲ್ಲಿ ಅಫಜಲಪುರ ತಾಲ್ಲೂಕಿನ ಹವಳಗಾ ಗ್ರಾಮದಲ್ಲಿರುವ ನನ್ನ ಅಕ್ಕನ ಮನೆಗೆ ಹೋಗಿದ್ದೆನು. ಮಧ್ಯಾಹ್ನದ ಬಿಸಿಲಿಗೆ ಹೊರಗೆ ಕಾಲಿಡುವಂತಿರಲಿಲ್ಲ. ಹುಡುಗರು ಹಳೆಯದೊಂದು ಆಂಗ್ಲ ಚಲಚ್ಚಿತ್ರದ ಡಿಸ್ಕನ್ನು ಹಾಕಿಕೊಂಡು ಕುಳಿತಿದ್ದರು. ತೊಗಲುಟ್ಟ ಗುಹಾವಾಸಿಗಳು ಈಟಿ ಹಿಡಿದು, ಮನೆಯಷ್ಟು ಎತ್ತರದ ಡೈನೋಸಾರ್‌ನೊಡನೆ ಹೋರಾಡುತ್ತಿದ್ದರು. 1966ರಲ್ಲಿ ಇಂಗ್ಲೆಂಡಿನಲ್ಲಿ ಬಿಡುಗಡೆಯಾದ ಆ ಚಿತ್ರದ ಹೆಸರು ‘ವನ್ ಮಿಲಿಯನ್ ಇಯರ್ಸ್ ಬಿ.ಸಿ.’, ಅಂದರೆ ಕ್ರಿಸ್ತಪೂರ್ವ ಹತ್ತು ಲಕ್ಷ ವರ್ಷ.

ಅರ್ಧ ಶತಮಾನಕ್ಕೂ ಹಳೆಯದಾದ ಇಂತಹ ಚಿತ್ರದಲ್ಲಿ ಇಂದಿನ ಹುಡುಗರಿಗೆ ಏನು ಆಕರ್ಷಣೆ? ಒಂದು ಕಾರಣ ಸ್ಪಷ್ಟವಾಗಿದೆ. ಅದರ ಪಾತ್ರಗಳು ಆಡುವುದು ಕಲ್ಪಿತ ಭಾಷೆಯ ಕೆಲವೇ ಶಬ್ದಗಳನ್ನು. ಆದುದರಿಂದ ಲಂಡನ್ನಿನ ಬಾಲಕನಿಗೆ ತಿಳಿದಷ್ಟೇ ಹವಳಗಾದ ಬಾಲಕನಿಗೂ ಕಥೆ ತಿಳಿಯುತ್ತದೆ. ಎರಡನೆಯ ಕಾರಣ, ಚಿತ್ರವನ್ನು ಬೇಕಾದಲ್ಲಿ ನಿಲ್ಲಿಸಿ ನೋಡುವ ಸೌಕರ್ಯ. ಚಿತ್ರಮಂದಿರದಲ್ಲಿ ಒಮ್ಮೆ ಸರಿದ ದೃಶ್ಯ ಸರಿದೇ ಹೋಗುತ್ತದೆ. 1976ರಲ್ಲಿ ಜಪಾನಿನಲ್ಲಿ ವಿ.ಎಚ್.ಎಸ್. ಕ್ಯಾಸೆಟ್ ಮಾರಾಟಕ್ಕೆ ಬಂದಿತು. ಅನಂತರ ಡಿಸ್ಕುಗಳು ಬಂದವು. ಅಂದಿನಿಂದ ಪ್ರೇಕ್ಷಕನು ಪರೀಕ್ಷಕನೂ ಆಗಬಹುದಾಯಿತು.

ನಾವೂ ಒಂದು ಪರೀಕ್ಷೆ ಮಾಡಿದೆವು. ಮನುಷ್ಯನು ಕೈ ಬೀಸುವಾಗ ಚಿತ್ರವನ್ನು ನಿಲ್ಲಿಸಿದೆವು; ಕೈ ಮಸುಕಾಗಿ ಕಂಡಿತು. ಡೈನೋಸಾರ್ ಕಾಲನ್ನು ಎತ್ತಿಹಾಕುವಾಗ ನಿಲ್ಲಿಸಿದೆವು. ಕಾಲಿನ ಅಂಚು ಸ್ಪಷ್ಟವಾಗಿ, ಕೊರೆದಿಟ್ಟಂತೆ ಕಂಡಿತು. ಈ ಭೇದಕ್ಕೆ ಕಾರಣವೇನು?

ಚಲಚ್ಚಿತ್ರವೆಂದರೆ ಸೆಕೆಂಡಿಗೆ 24ರಂತೆ ತೆರೆಯ ಮೇಲೆ ಬೀಳುವ ಸ್ಥಿರಚಿತ್ರಗಳ ಸಾಲು. ಅವನ್ನು ಒಂದುಗೂಡಿಸಿ ಚಲನೆಯೆಂದು ಗ್ರಹಿಸುವುದು ನಮ್ಮ ಕಣ್ಣು ಮತ್ತು ಮಿದುಳಿನ ಕೆಲಸ. ಪ್ರತಿಯೊಂದು ಚಿತ್ರವನ್ನು ತೆಗೆಯುವಾಗ ಕ್ಯಾಮೆರಾದ ಕಂಡಿಯು ಸಾಧಾರಣವಾಗಿ ಸೆಕೆಂಡಿನ 48ರಲ್ಲಿ ಒಂದು ಭಾಗದಷ್ಟು ಕಾಲ ತೆರೆದಿರುತ್ತದೆ. ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಬೀಸಿದ ಕೈ ಅಷ್ಟರಲ್ಲಿ 6 ಸೆಂಟಿಮೀಟರಿಗಿಂತ ತುಸು ಹೆಚ್ಚು ಸರಿದಿರುತ್ತದೆ. ಮಸುಕು ಅದರಿಂದಲೇ ಉಂಟಾಗುವುದು. ಡೈನೋಸಾರ್ ಆದರೋ ಒಂದು ಸಣ್ಣ ಬೊಂಬೆ. ಒಳಗೆ ಕೀಲುಗಳುಳ್ಳ ಲೋಹದ ಅಸ್ಥಿಪಂಜರ, ಮೇಲೆ ರಬ್ಬರಿನ ಚರ್ಮ. ರೇ ಹ್ಯಾರಿಹೌಸೆನ್ ಎಂಬ ಕಲಾವಿದರು ಅದನ್ನು ಕೈಯಿಂದ ಕೂದಲೆಳೆಯಷ್ಟು ಸರಿಸಿ ಒಂದು ಚಿತ್ರ, ಮತ್ತೆ ಸರಿಸಿ ಮತ್ತೊಂದು ಚಿತ್ರ, ಹೀಗೆ ತೆಗೆಯುತ್ತ ಹೋದರು. ಚಿತ್ರ ತೆಗೆಯುವ ಕ್ಷಣದಲ್ಲಿ ಬೊಂಬೆ ಅಲುಗಾಡದೆ ನಿಂತಿರುವುದರಿಂದ ಮಸುಕಿಗೆ ಎಡೆಯಿಲ್ಲ.

ಗುಟ್ಟು ತಿಳಿದು ಹುಡುಗರು ಕುಣಿದಾಡಿದರು. ಆದರೆ ಒಂಬತ್ತನೆಯ ತರಗತಿಯಲ್ಲಿ ಓದುವ ಅಕ್ಕನ ಮಗನು ಸುಮ್ಮನಾಗಿ ಸ್ವಲ್ಪ ಹೊತ್ತಿನ ಮೇಲೆ ಕೇಳಿದನು: “ಮಾಮಾ, ಪ್ರಾಣಿ ಬರೇ ರಬ್ಬರ್ ಅಂದ್ರ, ಆ ಕಾಲದಾಗ ಮನುಷ್ಯಾರು ಇದ್ದರು ಅನ್ನೋದೂ ಸುಳ್ಳೇ ಏನು?”

ನಾನು ಬೆಚ್ಚಿದೆನು. ಸುಳ್ಳೊಂದನ್ನು ಕಂಡುಹಿಡಿಯಲು ಕಲಿಸಿದೆನು, ಸರಿ. ಅದರೊಡನೆ ನಿಜವನ್ನೂ ಅವನು ಹೊರಗೆಸೆಯುವುದರಲ್ಲಿದ್ದನು. ಎರಡನ್ನೂ ಬೇರ್ಪಡಿಸಿ ತೋರಿಸುವುದು ಅಗತ್ಯವಾಯಿತು.

ಡೈನೋಸಾರ್‌ಗಳು ಅಳಿದುದು ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ. ಅವುಗಳ ಕುಲದಲ್ಲಿ ಉಳಿದುಬಂದವು ಹಕ್ಕಿಗಳು ಮಾತ್ರ. ಆ ಗಳಿಗೆಯಿಂದ ಇಂದಿನವರೆಗಿನ ಕಾಲವನ್ನು 100 ನಿಮಿಷಗಳ ಒಂದು ಚಿತ್ರಕ್ಕೆ ಹೊಂದಿಸಿದೆವೆಂದು ಭಾವಿಸೋಣ. ಮೊದಲ ಚೌಕಟ್ಟಿನಲ್ಲಿಯೇ ಡೈನೋಸಾರ್‌ಗಳ ಕಥೆ ಮುಗಿಯಿತು. ನಮ್ಮ ಜಾತಿಯ ಮಾನವ ಹುಟ್ಟಿ ಸುಮಾರು 3 ಲಕ್ಷ ವರ್ಷಗಳಾದುವು. ಅವನು ಬರುವುದು ಕೊನೆಯ 27 ಸೆಕೆಂಡುಗಳಲ್ಲಿ. ಇಬ್ಬರನ್ನೂ ಒಂದೇ ದೃಶ್ಯದಲ್ಲಿ ನಿಲ್ಲಿಸಿರುವುದೇ ಚಿತ್ರದ ದೊಡ್ಡ ಅಸತ್ಯ.

ಹಾಗಾದರೆ ಹತ್ತು ಲಕ್ಷ ವರ್ಷಗಳ ಹಿಂದೆ ಯಾರೂ ಇರಲಿಲ್ಲವೆ? ಇದ್ದರು, ನಮಗಿಂತ ಪ್ರಾಚೀನವಾದ ಬೇರೊಂದು ಮಾನವ ಜಾತಿಯವರು. ಅವರ ಗುರುತು ದೊರೆತಿರುವುದು ದೂರದ ದೇಶದಲ್ಲಿ ಮಾತ್ರವಲ್ಲ, ಹವಳಗಾದಿಂದ ದಕ್ಷಿಣಕ್ಕೆ, ಇಂದಿನ ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯಲ್ಲಿಯೂ ಹೌದು. ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವಜ್ಞ ಕೆ. ಪದ್ದಯ್ಯನವರು ದಶಕಗಳ ಕಾಲ ಈ ಪ್ರದೇಶವನ್ನು ಶೋಧಿಸಿದರು. 1997ರಿಂದ ಕೆಲವು ವರ್ಷ ಅಲ್ಲಿನ ಇಸಾಂಪುರದಲ್ಲಿ ಅವರ ನೇತೃತ್ವದಲ್ಲಿ ಉತ್ಖನನ ನಡೆಯಿತು. ದೊರೆತುದು ಗುಹೆಯಲ್ಲ, ಬಯಲಿನಲ್ಲಿದ್ದ ಒಂದು ಕಾರ್ಖಾನೆ! ಸುಣ್ಣಕಲ್ಲಿನ ಚಪ್ಪಡಿಗಳನ್ನು ಎಬ್ಬಿಸಿ, ಗಟ್ಟಿ ಕಲ್ಲುಗಳಿಂದ ಬಡಿದು ಕೈಗೊಡಲಿ, ಸೀಳುಗೊಡಲಿಗಳನ್ನು ಮಾಡಿದ ಸ್ಥಳವದು. ನಮ್ಮ ಮನೆಗಳ ನೆಲಕ್ಕೆ ಹಾಸುವ ಶಹಾಬಾದಿ ಪರಸಿಯೂ ಅದೇ ಬಳಗದ ಕಲ್ಲು.

ಕಾಲವನ್ನು ಅಳೆದುದು ಹೇಗೆ? ಅಲ್ಲಿ ಕಾಡುದನದ ಜಾತಿಯ ಪ್ರಾಣಿಯ ಹಲ್ಲುಗಳು ದೊರೆತುವು. ಮಣ್ಣಿನಲ್ಲಿರುವ ಯುರೇನಿಯಂ ಮುಂತಾದ ಧಾತುಗಳ ವಿಕಿರಣವು ಹಲ್ಲಿನ ಗಡಸು ಕವಚದಲ್ಲಿ ಎಲೆಕ್ಟ್ರಾನುಗಳನ್ನು ಕದಲಿಸುತ್ತದೆ. ಅವುಗಳಲ್ಲಿ ಕೆಲವು ಹರಳಿನೊಳಗಿನ ದೋಷಗಳಲ್ಲಿ ಸೆರೆಸಿಕ್ಕಿಬಿಡುವುವು. ಕಾಲ ಕಳೆದಂತೆ ಸೆರೆಯಾಳುಗಳ ಸಂಖ್ಯೆ ಹೆಚ್ಚುತ್ತದೆ. ಹಲ್ಲಿನ ಪುಡಿಯನ್ನು ಕಾಂತಕ್ಷೇತ್ರದಲ್ಲಿರಿಸಿ ಸೂಕ್ಷ್ಮತರಂಗಗಳನ್ನು ಹಾಯಿಸಿ ಅವುಗಳನ್ನು ಅಳೆಯಬಹುದು. ಒಟ್ಟು ಬಿದ್ದ ವಿಕಿರಣವನ್ನು ವರ್ಷಕ್ಕೆ ಬೀಳುವ ವಿಕಿರಣದಿಂದ ಭಾಗಿಸಿದರೆ ವಯಸ್ಸು ತಿಳಿಯುತ್ತದೆ. ಬಂದ ಉತ್ತರ ಸುಮಾರು 12 ಲಕ್ಷ ವರ್ಷ. ನಮ್ಮ ಲೆಕ್ಕದ ಚಿತ್ರದಲ್ಲಿ ಇದು ಮುಗಿಯಲು 1 ನಿಮಿಷ 49 ಸೆಕೆಂಡುಗಳಿರುವಾಗಿನ ಮಾತು.

ಚಿತ್ರದ ಹೆಸರಿನಲ್ಲಿರುವ ಕಾಲಕ್ಕೆ ನಮ್ಮ ನೆಲದಲ್ಲಿಯೇ ಸಾಕ್ಷಿಯಿದೆ. ಬೊಂಬೆಯ ಡೈನೋಸಾರ್ ಕಟ್ಟುಕಥೆ, ಕಲ್ಲು ಒಡೆದ ಕೈ ಕಟ್ಟುಕಥೆಯಲ್ಲ. ಎರಡನ್ನೂ ಬೇರ್ಪಡಿಸಿದ ಸಾಧನವೂ ಒಂದೇ: ನಿಲ್ಲಿಸಿ ನೋಡು, ಅಳೆ, ಲೆಕ್ಕ ಹಾಕು.

ಅಂದು ಸಂಜೆ ಹುಡುಗನು ಹೊಲದಿಂದ ಚೂಪಾದ ಕಲ್ಲುಗಳನ್ನು ಮಡಿಲ ತುಂಬ ಆರಿಸಿ ತಂದನು. ಅವು ಬರಿಯ ಕಲ್ಲುಗಳಾಗಿದ್ದುವು. ಆದರೂ ಒಂದು ಮಾತು ಹೇಳಿದೆನು; ವಾಚಕರಿಗೂ ಅದನ್ನೇ ಹೇಳುವೆನು. ಮನುಷ್ಯನು ಕೆತ್ತಿದಂತೆ ತೋರುವ ಕಲ್ಲು ಕಂಡರೆ ಕಿತ್ತು ತರಬೇಡಿ. ಅದು ಇದ್ದ ಸ್ಥಳ, ಇದ್ದ ಮಣ್ಣಿನ ಪದರ, ಜೊತೆಗಿದ್ದ ವಸ್ತು, ಇವುಗಳಿಂದಲೇ ಅದರ ಕಾಲ ತಿಳಿಯಬೇಕು. ಗುರುತು ಹಾಕಿಕೊಂಡು ನಿಮ್ಮ ಅಧ್ಯಾಪಕರಿಗೆ ತಿಳಿಸಿರಿ. ಚಲಚ್ಚಿತ್ರವನ್ನು ಹಿಂದಕ್ಕೆ ತಿರುಗಿಸಿ ಮತ್ತೆ ನೋಡಬಹುದು. ಕದಲಿಸಿದ ನೆಲಕ್ಕೆ ಆ ಸೌಕರ್ಯವಿಲ್ಲ.