ತುಂಗಭದ್ರಾ ಅಚ್ಚುಕಟ್ಟು: ಮೇಲ್ಭಾಗದಲ್ಲಿ ಸವಳು, ಕೊನೆಭಾಗದಲ್ಲಿ ಬರ

ಹೊಸಪೇಟೆಯ ಬಳಿ ಕಟ್ಟಿದ ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ಕಾಲುವೆಗಳಿಗೆ ನೀರು ಹರಿಯಿತು. ಮೇಲಿಂದ ಮೇಲೆ ಬರಗಾಲಕ್ಕೆ ತುತ್ತಾಗುತ್ತಿದ್ದ ಸೀಮೆಗೆ ಇದರಿಂದ ಹೊಸ ಜೀವ ಬಂದಿತು. ಗಂಗಾವತಿ, ಸಿಂಧನೂರು ಭತ್ತಕ್ಕೆ ಹೆಸರಾದವು. ಅಕ್ಕಿ ಗಿರಣಿಗಳು ಎದ್ದವು, ಪೇಟೆಗಳು ಬೆಳೆದವು. ಈ ಅಭಿವೃದ್ಧಿಯನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ಅದೇ ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ಎರೆ ಭೂಮಿ ಸವಳು-ಜವಳಾಗುತ್ತಿದೆ. ಕೊನೆಭಾಗದ ಮಾನ್ವಿ, ರಾಯಚೂರು ಕಡೆಯ ರೈತರು ನೀರಿಗಾಗಿ ಕಾಯುತ್ತಾರೆ. ಇವು ಎರಡು ಬೇರೆ ತೊಂದರೆಗಳಲ್ಲ, ಒಂದೇ ರೋಗದ ಎರಡು ಲಕ್ಷಣಗಳು.

ಯೋಜನೆಯ ಉದ್ದೇಶವೇನಿತ್ತು?

ಸ್ವಲ್ಪ ನೀರನ್ನು ಹೆಚ್ಚು ಹೊಲಗಳಿಗೆ ಹಂಚಿ ಬರದಿಂದ ಬೆಳೆಯನ್ನು ಕಾಪಾಡುವುದು ಈ ಯೋಜನೆಯ ಉದ್ದೇಶವಾಗಿತ್ತು. ಆದ್ದರಿಂದ ಅಚ್ಚುಕಟ್ಟಿನ ಬಹುಭಾಗವನ್ನು ಜೋಳ, ಹತ್ತಿ, ಶೇಂಗಾದಂತಹ ಮಿತ ನೀರಾವರಿ ಬೆಳೆಗಳಿಗೆ ಗೊತ್ತುಪಡಿಸಲಾಯಿತು. ಕರಾವಳಿ ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದ ರೈತರು ಭತ್ತದ ಬೇಸಾಯದಲ್ಲಿ ನುರಿತವರು. ಸ್ಥಳೀಯ ರೈತರೂ ಅವರನ್ನು ಅನುಸರಿಸಿದರು. ಭತ್ತಕ್ಕೆ ಮಾರುಕಟ್ಟೆ ಸಿದ್ಧವಿರುವಾಗ ರೈತ ಅದನ್ನು ಆರಿಸಿಕೊಂಡದ್ದು ಸಹಜವೇ.

ಆದರೆ ಲೆಕ್ಕ ನೋಡಿರಿ. ಜೋಳಕ್ಕೆ ಸುಮಾರು 450 ಮಿ.ಮೀ. ನೀರು ಸಾಕು; ಗದ್ದೆ ಭತ್ತಕ್ಕೆ 1200 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಬೇಕು. ಅಂದರೆ ಮೇಲ್ಭಾಗದಲ್ಲಿ ಒಂದು ಎಕರೆ ಭತ್ತ ನಾಟಿಯಾದರೆ ಕೆಳಗೆ ಎರಡೂವರೆ ಎಕರೆ ಜೋಳದ ನೀರು ಮುಗಿದಂತೆ. ಕೊನೆಭಾಗದಿಂದ ಬಡ ಕುಟುಂಬಗಳು ಬೆಂಗಳೂರಿನಂತಹ ಊರುಗಳಿಗೆ ಗುಳೆ ಹೋಗುವುದಕ್ಕೆ ನೀರು ಕಾಣದ ಹೊಲವೂ ಒಂದು ಕಾರಣ. ಸಾಲದುದಕ್ಕೆ, ಮೊದಲು ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿದ್ದ ಜಲಾಶಯ, ಹೂಳು ತುಂಬಿ ಈಗ ಸುಮಾರು 105 ಟಿ.ಎಂ.ಸಿ.ಗೆ ಇಳಿದಿದೆ.

ಭೂಮಿ ಸವಳಾಗುವುದು ಹೇಗೆ?

ಕಾಲುವೆಯ ನೀರು ಎಷ್ಟೇ ಸಿಹಿಯಾಗಿದ್ದರೂ ಅದರಲ್ಲಿ ಲವಣವಿರುತ್ತದೆ. ಒಂದು ಲೀಟರಿಗೆ ಕೇವಲ 200 ಮಿಲಿಗ್ರಾಂ ಎಂದು ಇಟ್ಟುಕೊಳ್ಳೋಣ. 1200 ಮಿ.ಮೀ. ನೀರು ಹಾಯಿಸಿದ ಒಂದು ಎಕರೆಗೆ ಒಂದೇ ಬೆಳೆಯಲ್ಲಿ ಸುಮಾರು 970 ಕಿಲೋ ಲವಣ ಬಂದು ಸೇರುತ್ತದೆ. ನೀರು ಆವಿಯಾಗುತ್ತದೆ, ಲವಣ ಉಳಿಯುತ್ತದೆ. ಎರೆ ಮಣ್ಣಿನಲ್ಲಿ ನೀರು ಬಸಿಯುವುದು ಬಹಳ ನಿಧಾನ. ಹೀಗಾಗಿ ಅಂತರ್ಜಲ ಮೇಲೇರುತ್ತದೆ. ಅದು ಬೇರಿನ ವಲಯದ ಸಮೀಪಕ್ಕೆ ಬಂತೆಂದರೆ, ದೀಪದ ಬತ್ತಿ ಎಣ್ಣೆಯನ್ನು ಎಳೆದಂತೆ ಮಣ್ಣು ಕೆಳಗಿನ ಉಪ್ಪು ನೀರನ್ನು ಮೇಲಕ್ಕೆಳೆಯುತ್ತದೆ. ಬೇಸಿಗೆಯಲ್ಲಿ ನೆಲದ ಮೇಲೆ ಕಾಣುವ ಬಿಳಿ ಪದರ ಇದರ ಗುರುತು.

ರೈತರು ಕೈಗೊಳ್ಳಬೇಕಾದ ಕ್ರಮಗಳು

1. ಬಸಿಗಾಲುವೆಗಳ ಹೂಳು ಮತ್ತು ಜೊಂಡನ್ನು ಪ್ರತಿ ವರ್ಷ ನೀರು ಬಿಡುವ ಮೊದಲೇ ತೆಗೆಯಿರಿ. ಹಳ್ಳಗಳನ್ನು ಒತ್ತುವರಿ ಮಾಡಬೇಡಿರಿ. ಬಸಿಯುವ ದಾರಿ ಇಲ್ಲದೆ ಸವಳು ತೊಳೆಯಲು ನೀರು ನಿಲ್ಲಿಸಿದರೆ ರೋಗ ಉಲ್ಬಣಿಸುತ್ತದೆ.

2. ಮಣ್ಣು ಪರೀಕ್ಷೆ ಮಾಡಿಸದೆ ಜಿಪ್ಸಂ ಹಾಕಬೇಡಿರಿ. ಸೋಡಿಯಂ ಹೆಚ್ಚಿರುವ ಕ್ಷಾರ ಮಣ್ಣಿಗೆ ಅದು ಮದ್ದು. ಬರಿಯ ಲವಣ ಮಣ್ಣಿಗೆ ಬಸಿಗಾಲುವೆ ಮತ್ತು ಸಿಹಿ ನೀರೇ ಮದ್ದು. ಅಲ್ಲಿ ಜಿಪ್ಸಂ ಹಣಕ್ಕೆ ದಂಡ.

3. ಭತ್ತವನ್ನೇ ಬೆಳೆಯುವುದಾದರೆ, ಸವಳಿಲ್ಲದ ಹೊಲದಲ್ಲಿ ನೇರ ಕೂರಿಗೆ ಬಿತ್ತನೆ ಮಾಡಿ ನೀರು ಉಳಿಸಿರಿ. ಕಳೆ ಹತೋಟಿಗೆ ಮೊದಲೇ ಸಿದ್ಧರಾಗಿರಿ.

4. ಎರಡನೆಯ ಬೆಳೆಯಾಗಿ ಭತ್ತದ ಬದಲು ಜೋಳ ಅಥವಾ ಕಡಲೆ ಹಾಕಿರಿ. ಕಡಲೆ ಉಪ್ಪನ್ನು ತಾಳದು. ಸವಳಿನ ಹೊಲಕ್ಕೆ ಅದು ಬೇಡ. ಅಂತಹ ಹೊಲದಲ್ಲಿ ಡಯಾಂಚ ಬೆಳೆದು ಹಸಿರೆಲೆ ಗೊಬ್ಬರವಾಗಿ ಮಣ್ಣಿಗೆ ಸೇರಿಸುವುದು ಲಾಭಕರ.

ಒಬ್ಬನಿಂದ ಆಗುವ ಕೆಲಸವಲ್ಲ

ಇಲ್ಲೊಂದು ತೊಡಕಿದೆ. ಒಬ್ಬ ರೈತ ಭತ್ತ ಬಿಟ್ಟು ಜೋಳ ಬಿತ್ತಿದರೂ, ಮೇಲಿನ ಗದ್ದೆಯ ನೀರು ಜಿನುಗಿ ಆತನ ಹೊಲವನ್ನು ಕೆಡಿಸುತ್ತದೆ. ಬಸಿಗಾಲುವೆಯೂ ಅಷ್ಟೇ: ಕೆಳಗಿನವನು ದಾರಿ ಕೊಡದಿದ್ದರೆ ಮೇಲಿನವನ ನೀರು ಎಲ್ಲಿಗೆ ಹೋದೀತು? ಆದ್ದರಿಂದ ಒಂದೊಂದು ತೂಬಿನ ಕೆಳಗಿನ ರೈತರೆಲ್ಲರೂ ನೀರು ಬಳಕೆದಾರರ ಸಹಕಾರ ಸಂಘದಲ್ಲಿ ಕುಳಿತು, ಹಂಗಾಮಿಗೆ ಮುಂಚೆಯೇ ಬೆಳೆಯನ್ನೂ ನೀರಿನ ಸರದಿಯನ್ನೂ ಗೊತ್ತುಮಾಡಿಕೊಳ್ಳಬೇಕು. ಗ್ರಾಮಮಟ್ಟದ ಕೃಷಿ ಕಾರ್ಯಕರ್ತರು ಆ ಸಭೆಗೆ ಮಣ್ಣು ಪರೀಕ್ಷೆಯ ಫಲಿತಾಂಶವನ್ನು ಕೊಂಡೊಯ್ದರೆ ಮಾತಿಗೆ ತೂಕ ಬರುತ್ತದೆ. ಜೋಳ, ಕಡಲೆಗೂ ಭತ್ತದಷ್ಟೇ ಭರವಸೆಯ ಖರೀದಿ ದೊರೆಯುವಂತೆ ನೋಡಿಕೊಳ್ಳುವುದು ಸರ್ಕಾರದ ಹೊಣೆ. ಅದಿಲ್ಲದೆ ಬರಿಯ ಉಪದೇಶ ಫಲಿಸದು.

ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಭೂಮಿಯ ಸುಧಾರಣೆಯ ಬಗ್ಗೆ ಪ್ರಯೋಗಗಳು ನಡೆದಿವೆ. ಆಸಕ್ತ ರೈತರು ಭೇಟಿ ನೀಡಿ ಕಣ್ಣಾರೆ ನೋಡಬಹುದು. ಮೇಲ್ಭಾಗದ ರೈತ ಉಳಿಸಿದ ನೀರು ಮೊದಲು ಆತನ ಹೊಲವನ್ನೇ ಉಳಿಸುತ್ತದೆ, ಆಮೇಲೆ ಕೊನೆಭಾಗದವನ ಬೆಳೆಯನ್ನು ಉಳಿಸುತ್ತದೆ.